ಜನ ದಾಟಿ ಹೋಗುವವರೆಗೆ

ಫಿಲ್ಮಿಗೆ ಬೂಷ್ಟು ಹಿಡಿಯಬಹುದಿತ್ತು. ನಮ್ಮ ಊರಿನ ಗಾಳಿಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಪಂಚಾಂಗಕ್ಕೂ ಬರುತ್ತದೆ, ಇನ್ನು ಫಿಲ್ಮು ಯಾವ ಲೆಕ್ಕ. ತೊಳೆಯಲು ಬೊಂಬಾಯಿಗೆ ಕಳಿಸಿದ ಪಾರ್ಸೆಲನ್ನು ಇಳಿಸಲು ಮರೆತು ಹಡಗು ಕರಾಚಿಗೆ ಹೋಗಬಹುದಿತ್ತು. ಹೋಗದಿದ್ದರೂ, ಬರುವಾಗ ಅದಲು ಬದಲಾಗಿ ಯಾರದೋ ಮದುವೆಯ ಚಿತ್ರ ನನಗೆ ಬಂದು, ನನ್ನ ಬೋಳಾರದ ಬೀದಿಗಳನ್ನು ಯಾವಳೋ ಪಾರ್ಸಿ ಮದುಮಗಳು ತನ್ನ ನೆಂಟರಿಗೆಲ್ಲ ತೋರಿಸಬಹುದಿತ್ತು. ಬಂದರಿನಲ್ಲಿ ಕ್ಯಾಮರಾ ಹಿಡಿದು ನಿಂತದ್ದಕ್ಕೆ ಸರಕಾರದವರು ನನ್ನನ್ನು ಕಾಂಗ್ರೆಸಿನವನೆಂದೂ, ಕಾಂಗ್ರೆಸಿನವರು ಸರಕಾರದ ಗೂಢಚಾರನೆಂದೂ ತಿಳಿಯಬಹುದಿತ್ತು. ಇಬ್ಬರೂ ಒಂದೇ ಸಂಜೆ ಬಂದರೆ ಯಾರಿಗೆ ಮೊದಲು ಕೈಮುಗಿಯಬೇಕೆಂದು ಕೂಡ ಯೋಚಿಸಿ ಇಟ್ಟಿದ್ದೆ. ಕೂಳೂರಿನ ಕಡವಿನಲ್ಲಿ ದೋಣಿ ವಾಲಿ ಪ್ರೊಜೆಕ್ಟರು ಹೊಳೆಗೆ ಬೀಳಬಹುದಿತ್ತು. ಬ್ಯಾಟರಿಯ ಆಸಿಡು ಚೆಲ್ಲಿ, ಹೆಂಡತಿಯ ಮನೆಯ ಅಂಗಳಕ್ಕೆ ನಾನು ತೂತು ಬಿದ್ದ ಪಂಚೆಯಲ್ಲಿ ಕಾಲಿಡಬಹುದಿತ್ತು. ಕೊನೆಗೆ ದೀಪದ ಬಿಸಿಗೆ ಫಿಲ್ಮು ಹೊತ್ತಿ, ಫಿಲ್ಮಿನಿಂದ ಪರದೆ, ಪರದೆಯಿಂದ ಮಾಡಿನ ಹುಲ್ಲು, ಅಲ್ಲಿಂದ ಭತ್ತದ ಕಣಜ ಎಂದು ಬೆಂಕಿ ಹೋಗುವ ದಾರಿಯನ್ನು ನಾನು ಮನಸ್ಸಿನಲ್ಲೇ ಎಷ್ಟೋ ಸಲ ನಡೆದು ನೋಡಿದ್ದೆ.

ಇವುಗಳಲ್ಲಿ ಒಂದೂ ಆಗಲಿಲ್ಲ.

ಇದೆಲ್ಲ ಈಗ ನೆನಪಾದದ್ದು ಬಾಳೆಹಣ್ಣಿನಿಂದ. ಮೊನ್ನೆ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಮಿತಿಮೀರಿ ಹಣ್ಣಾದ ಗೊನೆಯೊಂದು ತೂಗುತ್ತಿತ್ತು. ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಬೆರಳ ತುದಿಗಳು ಅಂಟಂಟಾದ ಹಾಗಾಯಿತು. ಫಿಲ್ಮಿನ ತುಂಡುಗಳನ್ನು ಒಂದಕ್ಕೊಂದು ಅಂಟಿಸುವ ಮದ್ದು ಒಂದುಂಟು, ಸಣ್ಣ ಕುಪ್ಪಿಯಲ್ಲಿ ಬರುತ್ತದೆ. ಅದರ ವಾಸನೆ ಹೀಗೆಯೇ, ಕೊಳೆಯುವುದಕ್ಕೆ ಒಂದು ದಿನ ಮುಂಚಿನ ಬಾಳೆಹಣ್ಣು. ಅಂಗಡಿಯವನು ಎಷ್ಟು ಬೇಕೆಂದು ಕೇಳಿದ. ನಾನು ಬೇಡವೆಂದೆ. ಬೇಡದಿದ್ದರೆ ಯಾಕೆ ಇಷ್ಟು ಹೊತ್ತು ಮೂಸುತ್ತಾ ನಿಂತದ್ದು ಮಾರಾಯ್ರೆ ಎಂದು ಅವನು ಗೊಣಗಿದ್ದು ನ್ಯಾಯವೇ.

ಯುದ್ಧ ಶುರುವಾಗುವ ಮುಂಚಿನ ವರ್ಷ ಅದು. ಆಗ ನಾನು ಬಂದರಿನ ಒಂದು ಕಾಫಿ ಕಂಪೆನಿಯ ಆಫೀಸಿನಲ್ಲಿ ರೈಟರು, ಅಂದರೆ ಗುಮಾಸ್ತ. ಬೋಳಾರದಲ್ಲಿ ಹೊಳೆಗೆ ಹತ್ತಿರ ಒಂದು ಹಂಚಿನ ಬಿಡಾರ, ಎರಡು ಕೋಣೆ. ಎರಡನೆಯದು ಯಾಕೆಂದರೆ ಅದು ಸುಂದರಿಗೆ. ಸುಂದರಿ ನನ್ನ ಹೆಂಡತಿ. ಅವಳು ಇದ್ದದ್ದು ಕಾಟಿಪಳ್ಳದಲ್ಲಿ, ಅವಳ ತಾಯಿ ಮನೆಯಲ್ಲಿ. ನಮ್ಮದು ಅಳಿಯಸಂತಾನ; ಆಸ್ತಿ, ಮನೆತನ, ದೇವರ ದೀಪ ಎಲ್ಲ ಹೆಣ್ಣಿನ ಕಡೆಯಿಂದ ಇಳಿದು ಬರುವುದು. ಗಂಡ ಎಂಬವನು ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೊರಡುವ ಮರ್ಯಾದೆಯ ನೆಂಟ. ಅವನಿಗೆ ಮಣೆ ಹಾಕುತ್ತಾರೆ, ಮೀನಿನ ನಡುವಿನ ತುಂಡು ಬಡಿಸುತ್ತಾರೆ, ಅವನ ಅಭಿಪ್ರಾಯ ಕೇಳುವುದಿಲ್ಲ. ಹೆಂಡತಿಯನ್ನು ಪೇಟೆಗೆ ಕರಕೊಂಡು ಹೋಗಿ ಬಿಡಾರ ಹೂಡುವ ಕ್ರಮ ಇಲ್ಲವೆಂದಲ್ಲ. ಅದಕ್ಕೆ ಮನೆಯ ಯಜಮಾನರಾದ ಅವಳ ಸೋದರಮಾವ ಹೂಂ ಅನ್ನಬೇಕು. ನಾವು ಸೋದರಮಾವನಿಗೆ ತಮ್ಮಲೆ ಎನ್ನುತ್ತೇವೆ.

ಈ ತಮ್ಮಲೆ ಕೆಟ್ಟವರಲ್ಲ. ಎತ್ತರದ ಆಳು, ಮಾತು ಕಡಿಮೆ. ಮಂಗಳೂರಿಗೆ ಅವರು ಕಾಲಿಡದೆ ಎಷ್ಟೋ ವರ್ಷಗಳಾಗಿದ್ದವು. ಯಾಕೆಂದು ಅವರು ಹೇಳಿರಲಿಲ್ಲ, ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆ ವರ್ಷ ಮಳೆ ನಿಂತು, ಸಂಜೆ ಸಂಜೆ ಗುಡುಗು ಮಾತ್ರ ಉಳಿದಿದ್ದ ದಿನಗಳಲ್ಲಿ, ಸುಂದರಿಯೇ ಧೈರ್ಯ ಮಾಡಿ ಅವರ ಹತ್ತಿರ ಕೇಳಿದಳು. ಸುಗ್ಗಿ ಬೆಳೆ ಒಳಗೆ ಬಂದ ಮೇಲೆ ಬೋಳಾರಕ್ಕೆ ಹೋಗಿ ಇರಲಾ ಎಂದು. ತಮ್ಮಲೆ ಇಲ್ಲವೆನ್ನಲಿಲ್ಲ. ಬೆಳೆ ಒಳಗೆ ಬರಲಿ, ನೋಡುವ ಎಂದರಂತೆ. ಅದು ಮುಕ್ಕಾಲು ಹೂಂ.

ಆ ರಾತ್ರಿ ಸುಂದರಿ ನನ್ನ ಹತ್ತಿರ, ಪೇಟೆ ಹೇಗುಂಟು, ಸ್ವಲ್ಪ ಹೇಳಿ ಎಂದಳು. ಅವಳು ಸಣ್ಣವಳಿದ್ದಾಗ ಒಮ್ಮೆ ಕಿವಿನೋವಿಗೆ ಆಸ್ಪತ್ರೆಗೆ ಬಂದದ್ದು ಬಿಟ್ಟರೆ ಮಂಗಳೂರು ನೋಡಿದವಳಲ್ಲ. ನಾನು ತುಂಬ ಯೋಚಿಸಿ, ರಸ್ತೆ ಉಂಟು ಎಂದೆ. ಅವಳು ಕಾದಳು. ಹೊಳೆ ಉಂಟು, ಗುಡ್ಡೆ ಉಂಟು ಎಂದೆ. ಅದು ಇಲ್ಲಿಯೂ ಉಂಟಲ್ಲ ಎಂದು ಅವಳು ಮಗ್ಗುಲಾದಳು.

ನನಗೆ ಮಾತು ಬರುವುದಿಲ್ಲ ಎಂಬುದು ಹೊಸ ಸಂಗತಿಯಲ್ಲ. ಆದರೆ ಆ ಹೊತ್ತಿಗೆ ನನ್ನ ಕೈಗೆ ಒಂದು ಯಂತ್ರ ಬಂದಿತ್ತು. ಆಫೀಸಿನ ಬಿಳಿಯ ಮ್ಯಾನೇಜರು ದೀರ್ಘ ರಜೆಯ ಮೇಲೆ ಊರಿಗೆ ಹೋಗುವಾಗ ತನ್ನ ಸಿನೆಮಾ ಕ್ಯಾಮರಾ, ಪ್ರೊಜೆಕ್ಟರು, ಉಳಿದ ಒಂದಷ್ಟು ಫಿಲ್ಮಿನ ಸುರುಳಿಗಳನ್ನು ನನ್ನ ವಶಕ್ಕೆ ಬಿಟ್ಟಿದ್ದ. ಇಡೀ ಆಫೀಸಿನಲ್ಲಿ ಬೀಗ ಹಾಕಿದ ಮೇಲೆ ಹಿಂದೆ ಬಂದು ಮತ್ತೊಮ್ಮೆ ಎಳೆದು ನೋಡುವವನು ನಾನೊಬ್ಬನೇ ಎಂದು ಅವನು ಗಮನಿಸಿದ್ದ. ಕಡಲ ಗಾಳಿಗೆ ಸುಮ್ಮನೆ ಇಟ್ಟರೆ ಒಳಗಿನ ಹಲ್ಲುಚಕ್ರಗಳಿಗೆ ತುಕ್ಕು, ಆಗಾಗ ಓಡಿಸುತ್ತಾ ಇರು, ಫಿಲ್ಮು ಹೇಗೂ ಹಾಳಾಗುತ್ತದೆ, ಮುಗಿಸು ಎಂದು ಹೇಳಿ ಹೋದ. ಕುದುರೆಯನ್ನು ನೋಡಿಕೊಳ್ಳಲು ಬಿಟ್ಟು ಹೋದ ಹಾಗೆ.

ಹಾಗೆ ನಾನು ಸಂಜೆ ಆಫೀಸು ಬಿಟ್ಟ ಮೇಲೆ ಕ್ಯಾಮರಾವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ತಿರುಗಲು ತೊಡಗಿದೆ. ಮಾತಿನಲ್ಲಿ ಹೇಳಲಾಗದ ಮಂಗಳೂರನ್ನು ಸುಂದರಿಗೆ ತೋರಿಸಿ ಬಿಡುವ ಎಂದು. ಅದಕ್ಕೆ ಮುಂಚೆಯೂ ನಾನು ತಿರುಗುತ್ತಿದ್ದವನೇ. ಬಿಡಾರದಲ್ಲಿ ನನ್ನ ಹತ್ತಿರ ಮಾತಾಡುವುದು ಹಲ್ಲಿ ಮಾತ್ರ. ಊಟ ಭಟ್ಟರ ಹೋಟೆಲಿನಲ್ಲಿ. ಊಟಕ್ಕೂ ನಿದ್ದೆಗೂ ನಡುವೆ ಇರುವ ಆ ಉದ್ದದ ಹೊತ್ತನ್ನು ಕಾಲಿನಿಂದಲೇ ಕಳೆಯಬೇಕು. ಈಗ ತಿರುಗುವುದಕ್ಕೆ ಒಂದು ಕಾರಣ ಸಿಕ್ಕಿದ್ದರಿಂದ ನಡಿಗೆಗೆ ಸ್ವಲ್ಪ ಗತ್ತು ಬಂತು.

ಮೊದಲನೆಯ ಸಂಜೆಯೇ ಸೋಲು. ಬಂದರಿನ ದಾರಿಯಲ್ಲಿ ಮೀನಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ಎದುರು ಬರುತ್ತಿದ್ದಳು. ಕ್ಯಾಮರಾ ಎತ್ತಿದೆ. ಅವಳು ನಿಂತಳು.

"ಎಂತ ಅಣ್ಣ, ನನ್ನನ್ನು ಆ ಪೆಟ್ಟಿಗೆಯೊಳಗೆ ಹಾಕಿ ಎಲ್ಲಿಗೆ ಕೊಂಡು ಹೋಗ್ತೀರಿ?"

ನಾನು ನಿಜವನ್ನೇ ಹೇಳಿದೆ. "ಕಾಟಿಪಳ್ಳಕ್ಕೆ."

"ಕಾಟಿಪಳ್ಳಕ್ಕೆ ನಾನು ಬುಟ್ಟಿ ಹೊತ್ತು ನಡೆದೇ ಹೋಗ್ತೇನೆ. ಪೆಟ್ಟಿಗೆ ಎಂತಕ್ಕೆ?"

ಸುತ್ತ ಇದ್ದವರು ನಕ್ಕರು. ಅವಳು ತಮಾಷೆಗೆ ಹೇಳಿದ್ದೆಂದು ನನಗೆ ಈಗ ಗೊತ್ತು. ಆಗ ಬೆವರಿಬಿಟ್ಟೆ. ಇನ್ನೊಬ್ಬರ ಮುಖ ತೆಗೆದರೆ ಅವರು ಕೇಳುತ್ತಾರೆ, ಕೇಳಿದರೆ ಉತ್ತರ ಕೊಡಬೇಕು, ಉತ್ತರ ಕೊಟ್ಟರೆ ನಾಲ್ಕು ಜನ ಸೇರುತ್ತಾರೆ, ನಾಲ್ಕು ಜನ ಸೇರಿದರೆ ಪೊಲೀಸು. ಅದಕ್ಕಿಂತ ಸ್ವಲ್ಪ ಕಾಯುವುದು ಸುಲಭ. ಅಂದಿನಿಂದ ನಾನು ಎಲ್ಲಿಯೇ ನಿಂತರೂ ಗೋಡೆಗೆ ಒರಗಿ, ಯಾರನ್ನೋ ಕಾಯುವವನ ಹಾಗೆ ಮುಖ ಮಾಡಿ, ಜನ ದಾಟಿ ಹೋಗುವವರೆಗೆ ತಡೆದು, ಆಮೇಲೆ ಕ್ಯಾಮರಾ ಹೊರಗೆ ತೆಗೆದೆ.

ಇದು ಅಭ್ಯಾಸವಾದ ಮೇಲೆ ಅದರಲ್ಲಿ ಒಂದು ಕಸುಬು ಕೂಡ ಹುಟ್ಟಿತು. ಯಾವ ಬೀದಿ ಯಾವ ಹೊತ್ತಿಗೆ ಬರಿದಾಗುತ್ತದೆಂದು ನನಗೆ ತಿಳಿಯಿತು. ಬೋಳಾರದ ಹಂಚಿನ ಕಾರ್ಖಾನೆಯ ಕೊಂಬು ಕೂಗಿದರೆ ಹೆಂಗಸರು ಕೆಂಪು ಕಾಲುಗಳಲ್ಲಿ ಗುಂಪು ಗುಂಪಾಗಿ ಹೊರಗೆ ಬರುತ್ತಾರೆ, ನಗುತ್ತಾ, ಜಗಳಾಡುತ್ತಾ, ಒಬ್ಬಳ ಹೆಗಲಿಗೆ ಇನ್ನೊಬ್ಬಳು ಕೈ ಹಾಕಿ. ಕೊನೆಯವಳು ತಿರುವು ದಾಟಿದ ಮೇಲೆ, ಅವರು ಎಬ್ಬಿಸಿದ ಕೆಂಪು ಧೂಳು ರಸ್ತೆಯ ಮೇಲೆ ಮೆಲ್ಲ ಇಳಿಯುವುದನ್ನು ತೆಗೆದೆ. ಅದು ಚೆಂದ ಬಂದಿತ್ತು, ಈಗಲೂ ಹೇಳುತ್ತೇನೆ. ಹೊಳೆಯ ಮೆಟ್ಟಿಲುಗಳ ಮೇಲೆ ಒದ್ದೆ ಹೆಜ್ಜೆಗಳು ಒಣಗಿ ಮಾಯವಾಗುವುದನ್ನು ತೆಗೆದೆ. ಕಾಫಿಯ ಅಂಗಳದಲ್ಲಿ ಬೀಜ ಹರವಿ ಬಿಟ್ಟು ಹೋದ ಮರದ ಹಲುಬೆ, ಅತ್ತಾವರದ ಓಣಿಯಲ್ಲಿ ಗಾಳಿಗೆ ತಾನೇ ತೆರೆದು ಮುಚ್ಚುವ ಒಂದು ಗೇಟು, ಬಾವುಟಗುಡ್ಡೆಯ ಮೇಲಿಂದ ಕಾಣುವ ತೆಂಗಿನ ತಲೆಗಳ ನಡುವಿನ ಹೊಗೆಕೊಳವೆಗಳು. ರಜೆಯ ದಿನ ನಡು ಮಧ್ಯಾಹ್ನ ರಥಬೀದಿಗೆ ಹೋಗಿ, ಹಲಗೆ ಹಾಕಿದ ಅಂಗಡಿಗಳ ಇಡೀ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಮೆಲ್ಲ ತಿರುಗಿಸಿ ತೆಗೆದೆ. ಅದನ್ನು ತೆಗೆಯುವಾಗ ಒಂದು ನಾಯಿ ಅಡ್ಡ ಬಂತು. ಅದೂ ದಾಟಲಿ ಎಂದು ಕಾದೆ.

ಸುರುಳಿಗಳು ಒಂದೊಂದಾಗಿ ಬೊಂಬಾಯಿಗೆ ಹೋಗಿ ಬಂದವು. ಪ್ರತಿ ಸಲ ಪಾರ್ಸೆಲು ಹೋದ ದಿನದಿಂದ ಬರುವ ದಿನದವರೆಗೆ ನನಗೆ ಅಜೀರ್ಣ. ಹಂಪನಕಟ್ಟೆಯ ಹತ್ತಿರ ಫೋಟೊ ಸ್ಟುಡಿಯೋ ಇಟ್ಟಿದ್ದ ಲಾರೆನ್ಸ್ ಪೊರ್ಬುಗಳು (ಕ್ರಿಸ್ತರನ್ನು ನಾವು ಮರ್ಯಾದೆಗೆ ಹಾಗೆ ಕರೆಯುವುದು) ನನಗೆ ಫಿಲ್ಮು ಕತ್ತರಿಸಿ ಅಂಟಿಸುವುದನ್ನು ಕಲಿಸಿದರು. ಸ್ವಲ್ಪ ಕೆರೆಯಬೇಕು, ಬಾಳೆಹಣ್ಣಿನ ವಾಸನೆಯ ಮದ್ದು ಹಚ್ಚಬೇಕು, ಒತ್ತಿ ಹಿಡಿಯಬೇಕು. ನಾನು ಒತ್ತಿ ಹಿಡಿದರೆ ಬಿಡುತ್ತಿರಲಿಲ್ಲ. ಬಿಟ್ಟರೆ ಎಲ್ಲಿ ಕಿತ್ತು ಬರುತ್ತದೋ ಎಂದು. ಸಾಕು ಮಾರಾಯ್ರೆ, ಅದು ನಿಮ್ಮ ಹೆಂಡತಿಯ ಕೈಯಲ್ಲ ಎಂದು ಪೊರ್ಬುಗಳು ಗದರುತ್ತಿದ್ದರು. ತುಂಡುಗಳನ್ನು ನಾನು ಊರಿನ ಕ್ರಮದಲ್ಲಿ ಜೋಡಿಸಲಿಲ್ಲ. ಕೆಳಗೆ ಇಳಿಯುವ ವಸ್ತುಗಳೆಲ್ಲ ಒಟ್ಟಿಗೆ: ಧೂಳು, ಹೊಗೆ, ಎಲೆ, ಸಂಜೆಯ ಬಿಸಿಲು. ಅದಾದ ಮೇಲೆ ತೆರೆಯುವ ಮುಚ್ಚುವ ವಸ್ತುಗಳು. ಕೊನೆಗೆ ನೀರು. ಕಥೆ ಇಲ್ಲ, ಬರಹ ಇಲ್ಲ. ಪೊರ್ಬುಗಳು ಗೋಡೆಯ ಮೇಲೆ ಅದನ್ನು ನೋಡಿ, ಇದು ಹೊಸ ಥರದ್ದು, ನಮ್ಮ ಊರಿನಲ್ಲಿ ಯಾರೂ ಮಾಡಿರಲಿಕ್ಕಿಲ್ಲ ಎಂದರು. ನನಗೆ ಎದೆ ಉಬ್ಬಿತು. ಆಮೇಲೆ, ಎದೆ ಹೀಗೆ ಉಬ್ಬುವುದು ಹೃದಯದ ಕಾಯಿಲೆಯೋ ಎಂದು ಒಂದು ವಾರ ಯೋಚಿಸಿದೆ.

ಸುಗ್ಗಿ ಬೆಳೆ ಒಳಗೆ ಬಂದ ಶನಿವಾರ ನಾನು ಪ್ರೊಜೆಕ್ಟರನ್ನೂ ಕಾರಿನ ಬ್ಯಾಟರಿಯನ್ನೂ ಹೊತ್ತು ಹೊರಟೆ. ಬಿಡಾರದಲ್ಲಿ ಬಿಟ್ಟರೆ ಕಳವಾದೀತೆಂದು ಕ್ಯಾಮರಾವೂ ಜೊತೆಗೆ. ಕೂಳೂರಿನವರೆಗೆ ಒಂದು ಬಸ್ಸು, ಅಲ್ಲಿ ದೋಣಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು, ಆಮೇಲೆ ಗದ್ದೆಯ ಹುಣಿಯ ಮೇಲೆ ನಡಿಗೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಕೊಯ್ಲು ಮುಗಿಸಿದ ಆಳುಗಳು, ನೆರೆಕರೆಯವರು, ಮಕ್ಕಳು ಎಲ್ಲ ಅಂಗಳದಲ್ಲಿ. ಸುಂದರಿ ಒಳಬಾಗಿಲ ಹತ್ತಿರ ನಿಂತಿದ್ದಳು. ದಾಟುವಾಗ ಮೆಲ್ಲ ಹೇಳಿದಳು, ಪೆಟ್ಟಿಗೆ ಕಟ್ಟಿ ಆಗಿದೆ, ತಮ್ಮಲೆ ನಿನ್ನೆ ಹೂಂ ಅಂದರು ಎಂದು. ಅಷ್ಟು ಹೇಳುವಾಗ ಅವಳ ಮುಖದಲ್ಲಿ ಇದ್ದದ್ದನ್ನು ನಾನು ಫಿಲ್ಮಿಗೆ ಹಿಡಿಯಲಿಲ್ಲ. ಹಿಡಿಯಬೇಕೆಂದು ತೋಚಲೂ ಇಲ್ಲ. ಹಾಗಾದರೆ ಸಿನೆಮಾ ತೋರಿಸುವ ಅಗತ್ಯವೇ ಇಲ್ಲವಲ್ಲ ಎಂದು ಮಾತ್ರ ತೋಚಿತು. ಆದರೆ ಅಂಗಳ ತುಂಬಿತ್ತು. ತಮ್ಮಲೆಯ ಹೊಸ ಪಂಚೆಯನ್ನು ಪರದೆಯಾಗಿ ಕಟ್ಟಿಯೂ ಆಗಿತ್ತು.

ದೇವರ ದೀಪ ಹಚ್ಚಿದ ಮೇಲೆ ಶುರು ಮಾಡಿದೆ. ಕೈಯಲ್ಲಿ ತಿರುಗಿಸುವ ಪ್ರೊಜೆಕ್ಟರು, ಹದ ತಪ್ಪಿದರೆ ಮಿಣಕುತ್ತದೆ; ನನ್ನ ಕಣ್ಣು ಪೂರ್ತಿ ಕೈಯ ಮೇಲೆ. ಮೊದಲು ಮಕ್ಕಳು ಕೇಕೆ ಹಾಕಿದರು. ಧೂಳು ಇಳಿಯಿತು, ಹೊಗೆ ಇಳಿಯಿತು. ಗೇಟು ತೆರೆದು ಮುಚ್ಚಿತು. ಮೆಲ್ಲ ಮೆಲ್ಲ ಸದ್ದು ಅಡಗಿತು. ತುಂಬ ಮೆಚ್ಚಿದ್ದಾರೆಂದು ನಾನು ತಿಳಿದೆ. ರಥಬೀದಿಯ ಮುಚ್ಚಿದ ಅಂಗಡಿಗಳ ಸಾಲು ಒಂದೊಂದಾಗಿ ದಾಟುತ್ತಿದ್ದಾಗ ತಮ್ಮಲೆ ಕುರ್ಚಿಯಿಂದ ಎದ್ದದ್ದು ಪರದೆಯ ಮೇಲೆ ಬಿದ್ದ ಅವರ ತಲೆಯ ನೆರಳಿನಿಂದ ಗೊತ್ತಾಯಿತು.

"ರೈಟ್ರೆ, ಪೇಟೆಯಲ್ಲಿ ಮಾರಿ ಯಾವಾಗ ಬಂದದ್ದು?"

ನನಗೆ ಅರ್ಥವಾಗಲಿಲ್ಲ. ಕೈ ಮಾತ್ರ ತಿರುಗಿಸುತ್ತಾ ಇತ್ತು. ಅವರು ಅಂಗಳದವರಿಗೆ ಹೇಳಿದರು. ಪ್ರಾಯದಲ್ಲಿ ಅಕ್ಕಿಯ ಗಾಡಿಗಳ ಜೊತೆ ಮಂಗಳೂರಿಗೆ ಹೋದಾಗ ಪ್ಲೇಗು ಬಂದಿತ್ತಂತೆ. ಜನರೆಲ್ಲ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿದ್ದರು. ಇದೇ ರಥಬೀದಿ, ಹೀಗೆಯೇ ಹಲಗೆ ಹಾಕಿದ ಅಂಗಡಿಗಳು, ಹಾಡು ಹಗಲಿಗೆ ಒಂದು ನರಪಿಳ್ಳೆ ಇಲ್ಲ. ಒಟ್ಟಿಗೆ ಹೋದ ಅವರ ತಮ್ಮ ತಿರುಗಿ ಬರಲಿಲ್ಲ. ಇದನ್ನು ಆ ಮನೆಯಲ್ಲಿ ಯಾರೂ ಅವರ ಬಾಯಿಂದ ಅಷ್ಟರವರೆಗೆ ಕೇಳಿರಲಿಲ್ಲ.

ನಾನು ತಡವರಿಸಿ, ಮಾರಿ ಇಲ್ಲ, ಪೇಟೆ ತುಂಬ ಜನ ಉಂಟು, ಅವರು ದಾಟಿ ಹೋಗಲಿ ಎಂದು ನಾನು ಕಾದದ್ದು ಎಂದೆ. ತಮ್ಮಲೆ ಸಿಟ್ಟು ಮಾಡಲಿಲ್ಲ. ಊರು ತೋರಿಸಲು ಹೊರಟವನು ಊರವರು ಹೋಗಲಿ ಎಂದು ಯಾಕೆ ಕಾಯುತ್ತಾನೆ ಎಂದು ಕೇಳಿದರು. ಮಾರಿಯನ್ನು ಮುಚ್ಚಿಡಲು ಸುಳ್ಳು ಹೇಳುವವನು ಇದಕ್ಕಿಂತ ಒಳ್ಳೆಯ ಸುಳ್ಳು ಹೇಳುತ್ತಿದ್ದ ಎಂದು ಅವರಿಗೂ ಅನ್ನಿಸಿರಬೇಕು. ಆದರೂ ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ಸುಂದರಿ ಈ ವರ್ಷ ಎಲ್ಲಿಗೂ ಹೋಗುವುದು ಬೇಡ, ಮುಂದಿನ ವರ್ಷ ನೋಡುವ ಎಂದು ಒಳಗೆ ನಡೆದರು. ಜನ ಎದ್ದರು. ಆಳುಗಳಲ್ಲಿ ಒಬ್ಬ ಹೋಗುವಾಗ ನನ್ನ ಭುಜ ಮುಟ್ಟಿ, ಹುಷಾರಾಗಿ ಇರಿ, ನೀರು ಕುದಿಸಿ ಕುಡೀರಿ ಎಂದ.

ಸುಂದರಿ ನಾನು ಯಂತ್ರ ಬಿಚ್ಚುವವರೆಗೆ ಹತ್ತಿರ ಕುಳಿತಿದ್ದಳು. ನನ್ನ ಮೇಲೆ ರೇಗಿದ್ದರೆ ಒಳ್ಳೆಯದಿತ್ತು, ಅದಕ್ಕೆ ನಾನು ತಯಾರಿದ್ದೆ.

"ನಿಜವಾಗಿ ಕಾಯುತ್ತಾ ಇದ್ರಾ?" ಎಂದು ಕೇಳಿದಳು.

"ಹೌದು."

"ದಿನಾಲೂ?"

"ಜನ ಇದ್ದರೆ ನೋಡ್ತಾರಲ್ಲ."

ಅವಳು ಪರದೆಯಾಗಿದ್ದ ಪಂಚೆಯನ್ನು ಬಿಚ್ಚಿ ಮಡಚಿದಳು. ಮಡಚಿದ್ದನ್ನು ಮತ್ತೆ ಬಿಡಿಸಿ ಇನ್ನೊಮ್ಮೆ ಮಡಚಿದಳು.

"ನಾನು ಬಂದರೆ ನಾನೂ ಜನವೇ ಅಲ್ವಾ?"

ಇದಕ್ಕೆ ಏನು ಹೇಳಬೇಕೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಒಬ್ಬನೇ ಊಟ ಮಾಡುವಾಗ. ಆಗ ಬ್ಯಾಟರಿಯ ತಂತಿ ಸುತ್ತತೊಡಗಿದೆ. ಅವಳೇ ನನ್ನನ್ನು ಬಿಡಿಸಿದಳು. ಈ ಸಲ ಹೋದವರು ಜನರನ್ನು ಹಿಡಿದು ತನ್ನಿ, ಎಷ್ಟು ಆಗ್ತದೋ ಅಷ್ಟು. ಅದನ್ನು ನೋಡಿದ ಮೇಲೆ ತಮ್ಮಲೆಯ ಹತ್ತಿರ ನಾನು ಮಾತಾಡ್ತೇನೆ ಎಂದಳು. ಕಟ್ಟಿದ ಪೆಟ್ಟಿಗೆಯನ್ನು ಅವಳು ಬಿಚ್ಚಲಿಲ್ಲ.

ಅವಳು ಆ ವರ್ಷ ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ಮ್ಯಾನೇಜರು ತಿರುಗಿ ಬಂದು, ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ತುಕ್ಕಿಲ್ಲದ್ದಕ್ಕೆ ನನ್ನ ಬೆನ್ನು ತಟ್ಟಿ, ಅದನ್ನು ಕೊಂಡು ಹೋದ. ಮಾರನೆಯ ವರ್ಷ ಯುದ್ಧ ಬಂತು, ಆಮೇಲೆ ಅಕ್ಕಿಗೆ ಕಂಟ್ರೋಲು ಬಂತು, ಪೇಟೆಯಿಂದ ಜನ ಹಳ್ಳಿಗೆ ಬರುವ ಕಾಲದಲ್ಲಿ ಹಳ್ಳಿಯಿಂದ ಯಾರು ಪೇಟೆಗೆ ಹೋಗುತ್ತಾರೆ. ತಮ್ಮಲೆ ತೀರಿಕೊಂಡರು. ಮನೆಯ ಬೀಗದ ಕೈಗಳು ಸುಂದರಿಯ ಸೊಂಟಕ್ಕೆ ಬಂದವು. ಈಗ ಅವಳನ್ನು ತಡೆಯುವವರು ಯಾರೂ ಇಲ್ಲ, ಬಿಟ್ಟು ಬರಲು ಅವಳಿಗೆ ಆಗುವುದೂ ಇಲ್ಲ. ನಾನು ಈಗಲೂ ಶನಿವಾರ ಹೋಗುತ್ತೇನೆ, ಸೋಮವಾರ ಬರುತ್ತೇನೆ. ಮೀನಿನ ನಡುವಿನ ತುಂಡು ಈಗಲೂ ನನಗೇ.

ಆದರೆ ಆ ಸೋಮವಾರ ಬೆಳಿಗ್ಗೆ ಇದಾವುದೂ ನನಗೆ ಗೊತ್ತಿರಲಿಲ್ಲ. ಸುಂದರಿಯ ಮಾತು ಕಿವಿಯಲ್ಲಿತ್ತು, ಕ್ಯಾಮರಾದಲ್ಲಿ ಸ್ವಲ್ಪ ಫಿಲ್ಮು ಉಳಿದಿತ್ತು. ಕೂಳೂರಿನ ಕಡವಿಗೆ ಬಂದರೆ ಅಷ್ಟು ಜನವನ್ನು ನಾನು ಒಟ್ಟಿಗೆ ಬೇರೆಲ್ಲೂ ಕಂಡಿರಲಿಲ್ಲ. ಬಸಳೆಯ ಕಟ್ಟು ಹೊತ್ತವರು, ಕೋಳಿಯ ಬುಟ್ಟಿಯವರು, ಬಿಳಿ ಟೊಪ್ಪಿಯ ಬ್ಯಾರಿ ವ್ಯಾಪಾರಿಗಳು, ಪೇಟೆಯ ಶಾಲೆಗೆ ಹೋಗುವ ಹುಡುಗಿಯರು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಅಂಬಿಗನೊಡನೆ ವಾದ ಮಾಡುವ ಒಬ್ಬ ಅಜ್ಜಿ. ದಡದ ಮೇಲೆ ದೋಣಿಯ ಮೂತಿಯವರೆಗೆ ಮುಖಗಳು, ಅವುಗಳ ಮೇಲೆ ಎಳೆ ಬಿಸಿಲು. ಇಷ್ಟನ್ನು ತಮ್ಮಲೆಗೆ ತೋರಿಸಿದರೆ ಸಾಕು. ಬ್ಯಾಟರಿಯನ್ನು ಕೆಳಗಿಟ್ಟೆ, ಕ್ಯಾಮರಾ ಹೊರಗೆ ತೆಗೆದೆ, ಯಾರನ್ನೂ ಕಾಯದೆ ನೇರ ಅವರ ಕಡೆಗೆ ಎತ್ತಿದೆ.

ಅಜ್ಜಿ ವಾದ ನಿಲ್ಲಿಸಿದಳು. ಅಂಬಿಗ ತಿರುಗಿ ನೋಡಿದ. ಕೋಟು ಹಾಕಿದ ಒಬ್ಬರು ಹೊಳೆಯ ಚಿತ್ರ ತೆಗೆಯುತ್ತಾರೆ, ನಾವು ಅಡ್ಡ ನಿಂತಿದ್ದೇವೆ ಎಂದು ಅವನು ಹಿಂದಿನವರಿಗೆ ಕೂಗಿ ಹೇಳಿದ. ಅದು ಬಾಯಿಂದ ಬಾಯಿಗೆ ಹೋಯಿತು. ಬೈಗಳಿಲ್ಲ, ನಗೆಯಿಲ್ಲ. ಬಸಳೆಯ ಕಟ್ಟುಗಳು ಎಡಕ್ಕೆ ಸರಿದವು, ಕೋಳಿಯ ಬುಟ್ಟಿಗಳು ಬಲಕ್ಕೆ. ಹುಡುಗಿಯರು ಒಬ್ಬಳ ಹಿಂದೆ ಒಬ್ಬಳು ತಲೆ ತಗ್ಗಿಸಿ ಓಡಿದರು. ಯಾರೋ ಅಜ್ಜಿಯ ರಟ್ಟೆ ಹಿಡಿದು ಮರದ ಆಚೆಗೆ ಕರಕೊಂಡು ಹೋದರು. ಬೇಡ, ನಿಲ್ಲಿ, ನನಗೆ ನೀವೇ ಬೇಕು ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ.

"ಆಯ್ತು ಅಣ್ಣೇರೆ, ಎಲ್ಲರನ್ನೂ ಸರಿಸಿದ್ದೇನೆ," ಎಂದ ಅಂಬಿಗ, ತಾನೂ ದೋಣಿಯಿಂದ ಇಳಿದು ಬದಿಗೆ ನಿಲ್ಲುತ್ತಾ. "ಈಗ ತೆಗೀರಿ."

ತೆಗೆದೆ.